ಟ್ಯಾಗು ಕಾಣದ ಪರದೆ

ನಿವೃತ್ತಿಯ ದಿನ ನನಗೊಂದು ಶಾಲು, ಒಂದು ಹಾರ, ಒಂದು ಗಾಜಿನ ಫಲಕ ಕೊಟ್ಟರು. ಫಲಕದ ಮೇಲೆ 'ತಾಳ್ಮೆಯ ಪ್ರತೀಕ ಶ್ರೀಮತಿ ಜಯಮ್ಮ' ಎಂದು ಕೆತ್ತಿಸಿದ್ದಾರೆ. ಅದನ್ನು ಓದಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ತಾಳ್ಮೆ ನನಗೆ ಹುಟ್ಟಿನಿಂದಲೂ ಇಲ್ಲ, ಬೇಕಾದರೆ ನನ್ನ ಗಂಡನನ್ನು ಕೇಳಿ. ಬಾಯಿ ಬಿಡಬೇಕಾದ ದಿನ ಹೆದರಿ ಸುಮ್ಮನೆ ಕೂತವಳನ್ನು ತಾಳ್ಮೆಯವಳು ಎಂದು ಹೊಗಳುವುದು ಕಚೇರಿಗಳ ರೂಢಿ. ಫಲಕವನ್ನು ಅಟ್ಟಕ್ಕೆ ಹಾಕಿದ್ದೇನೆ.

ಈಗ ಈ ಕೆಲಸಕ್ಕೆ ಸೇರುವ ಹುಡುಗಿಯರು ನಮ್ಮ ಮದ್ದೂರಿನ ಮನೆಗೆ ಬಂದು ಕೇಳುತ್ತಾರೆ, "ಆಂಟಿ, ಫ್ಯಾನ್ ಕೆಳಗೆ ಕೂತ್ಕಂಡು ಮಾಡೋ ಕೆಲ್ಸ ಅಲ್ವಾ, ಆರಾಮಾಗಿರುತ್ತಾ?" ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಬಂತು, ಯಾವ ಕುರ್ಚಿ ಸಿಕ್ಕಿತು ಎಂಬುದೆಲ್ಲ ಅವರಿಗೆ ಬೇಡ, ನನಗೂ ಬೇಡ.

ಕೆಲಸ ಏನೆಂದು ಮೊದಲು ಹೇಳುತ್ತೇನೆ. ಮಂಡ್ಯದ ರೈಲು ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲಿ, ಒಂದು ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಕಚೇರಿ. ಪ್ರಕಾಶಕರು ಕಳಿಸಿದ ಪುಸ್ತಕಗಳನ್ನು ಕಂಪ್ಯೂಟರಿಗೆ ಅರ್ಥವಾಗುವ ಹಾಗೆ ಸಿದ್ಧ ಮಾಡಿ ವಾಪಸು ಕೊಡಬೇಕು. ಇದು ಅಧ್ಯಾಯದ ಹೆಸರು, ಇದು ಅಡಿಟಿಪ್ಪಣಿ, ಇದು ಕೋಷ್ಟಕ ಎಂದು ಪ್ರತಿಯೊಂದು ಭಾಗಕ್ಕೂ ಗುರುತು ಹಾಕಬೇಕು. ಭಾಗ ಶುರುವಾಗುವಲ್ಲಿ ತೆರೆಯುವ ಗುರುತು, ಮುಗಿಯುವಲ್ಲಿ ಮುಚ್ಚುವ ಗುರುತು. ಈ ಗುರುತಿಗೆ ಟ್ಯಾಗು ಎನ್ನುತ್ತಾರೆ. ಕೊಪ್ಪದ ನನ್ನ ತವರಿನಲ್ಲಿ ವಿಮೆ ಮಾಡಿಸಿದ ಹಸುಗಳ ಕಿವಿಗೆ ಹಳದಿ ಬಿಲ್ಲೆ ಹೊಡೆಯುತ್ತಾರಲ್ಲ, ಅದೂ ಟ್ಯಾಗೇ. ಹಸು ಕಪ್ಪೋ ಬಿಳಿಯೋ ಎಂದು ಬಿಲ್ಲೆ ಹೇಳುವುದಿಲ್ಲ. ಇದು ಯಾವ ಹಸು ಎಂದಷ್ಟೇ ಹೇಳುತ್ತದೆ. ನಮ್ಮ ಟ್ಯಾಗೂ ಹಾಗೆಯೇ. ಅಕ್ಷರ ದಪ್ಪವೋ ಸಣ್ಣವೋ, ಕೆಂಪೋ ನೀಲಿಯೋ ಎಂಬುದು ಆಮೇಲಿನ ಮಾತು. ಇದು ಏನು ಎಂಬುದು ಮೊದಲ ಮಾತು.

ನಾನು ಸೇರಿದಾಗ ಪರದೆಯ ಮೇಲೆ ಬರೀ ಅಕ್ಷರ ಇರುತ್ತಿತ್ತು. ಬಣ್ಣವಿಲ್ಲ, ಗುಂಡಿಯಿಲ್ಲ. ಪುಸ್ತಕದ ಮಾತೂ ಟ್ಯಾಗೂ ಒಟ್ಟಿಗೇ ಕಾಣುತ್ತಿದ್ದವು. ಟ್ಯಾಗನ್ನು ಬೆರಳಲ್ಲೇ ಹೊಡೆಯಬೇಕಿತ್ತು. ಮೊದಲ ತಿಂಗಳಲ್ಲೇ ನಾನು ಒಂದು ಕಾನೂನು ಪುಸ್ತಕದಲ್ಲಿ ಅಡಿಟಿಪ್ಪಣಿಯ ಟ್ಯಾಗು ತೆರೆದು ಮುಚ್ಚುವುದನ್ನು ಮರೆತೆ. ಆಗ ತಪ್ಪು ಹಿಡಿಯುವ ಯಂತ್ರವೂ ನಮ್ಮಲ್ಲಿರಲಿಲ್ಲ. ಮಾದರಿ ಪ್ರತಿ ಅಚ್ಚಾಗಿ ಬಂದಾಗ ಆ ಅಧ್ಯಾಯದ ಉಳಿದ ಪುಟಗಳೆಲ್ಲ ಅಡಿಟಿಪ್ಪಣಿಯಾಗಿ, ಇರುವೆ ಸಾಲಿನಂಥ ಸಣ್ಣ ಅಕ್ಷರದಲ್ಲಿ ಬಿದ್ದಿದ್ದವು.

ಆಗ ನಮ್ಮ ಮೇಲಿದ್ದವರು ಕೆಂಪಯ್ಯನವರು. ಮೊಳೆ ಜೋಡಿಸುವ ಅಚ್ಚುಕೂಟದಲ್ಲಿ ಕೆಲಸ ಮಾಡಿ ಬಂದವರು. ಆ ಪ್ರತಿಯನ್ನು ನನ್ನ ಮೇಜಿನ ಮೇಲೆ ಎಸೆದರು.

"ತೆರ್ದಿದ್ದ ಮುಚ್ಚಾಕೆ ಏನಮ್ಮಿ ರೋಗ ನಿಂಗೆ? ಕೊಟ್ಟಿಗೆ ಬಾಗ್ಲು ತೆರ್ದುಬುಟ್ಟು ಬಂದ್ರೆ ದನ ಗದ್ದೆಗೆ ನುಗ್ಗಲ್ವಾ?"

ಬೈದು ಸುಮ್ಮನಾಗಲಿಲ್ಲ. ಮಾರನೆಯ ದಿನದಿಂದ ಜೋಡಿ ಓದು ಶುರು ಮಾಡಿಸಿದರು. ಟ್ಯಾಗು ಹಾಕಿದ ಕಡತವನ್ನು ಪ್ರಕಾಶಕರಿಗೆ ಕಳಿಸುವ ಮೊದಲು ಇಬ್ಬರು ಕೂರಬೇಕು. ಒಬ್ಬಳು ಪರದೆ ನೋಡಿಕೊಂಡು ಟ್ಯಾಗು ಸಮೇತ ಗಟ್ಟಿಯಾಗಿ ಓದಬೇಕು, ಇನ್ನೊಬ್ಬಳು ಮೂಲ ಪ್ರತಿಯ ಮೇಲೆ ಬೆರಳಿಟ್ಟು ಕೇಳಬೇಕು. "ಟಿಪ್ಪಣಿ ತೆರೀತು" ಎಂದು ಹೇಳಿ, ಮಾತು ಓದಿ, "ಟಿಪ್ಪಣಿ ಮುಚ್ತು" ಎನ್ನಬೇಕು. ಕೆಳಗಿನ ಬಟ್ಟೆ ಅಂಗಡಿಯವರು ನಮ್ಮ ಕಚೇರಿಯನ್ನು ಪಾಠಶಾಲೆ ಎಂದು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ. ಕಣ್ಣು ತಪ್ಪಿದ್ದನ್ನು ಕಿವಿ ಹಿಡಿಯುತ್ತಿತ್ತು.

ಹಾಗೆ ಕಿವಿಯಲ್ಲಿ ಹಿಡಿಯುವುದರಲ್ಲಿ ಷಹತಾಜಳನ್ನು ಮೀರಿಸಿದವರಿರಲಿಲ್ಲ. ಮಳವಳ್ಳಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ಅವಳ ತಂದೆ ಲಾರಿ ಮೆಕ್ಯಾನಿಕ್. ಇಂಜಿನ್ನಿನ ಸದ್ದು ಕೇಳಿಯೇ ಎಲ್ಲಿ ಕೆಟ್ಟಿದೆ ಎಂದು ಹೇಳುತ್ತಿದ್ದರಂತೆ. ಮಗಳಿಗೂ ಅದೇ ಕಿವಿ. ನಾನು ಓದುತ್ತಿದ್ದರೆ ತಲೆ ಎತ್ತದೆ, "ಅಲ್ಲೊಂದು ಮುಚ್ಚಿಲ್ಲ ನೋಡಿ ಜಯಕ್ಕ" ಎನ್ನುತ್ತಿದ್ದಳು. ತಿರುಗಿ ನೋಡಿದರೆ ಮುಚ್ಚಿರುತ್ತಿರಲಿಲ್ಲ. ಅವಳು ಟೈಪು ಮಾಡುವಾಗ ಟ್ಯಾಗು ಎಲ್ಲಿ ಮುಗಿಯಿತು, ಮಾತು ಎಲ್ಲಿ ಶುರುವಾಯಿತು ಎಂದು ಬೆರಳು ನೋಡಿ ಹೇಳಲಾಗುತ್ತಿರಲಿಲ್ಲ. ವರ್ಷಗಟ್ಟಲೆ ಮಾಡಿ ಮಾಡಿ ಕೈಗೆ ಬಂದ ವಿದ್ಯೆ ಅದು.

ಈಗ ನನ್ನದೊಂದು ಪಾಪ ಹೇಳಬೇಕು. ನಾನು ಮೇಲ್ವಿಚಾರಕಿಯಾದ ಮೇಲೆ ಹೊಸದಾಗಿ ಬಂದ ಹುಡುಗಿಯರಿಗೆ ಮೊದಲ ದಿನವೇ ಟ್ಯಾಗುಗಳ ಉದ್ದದ ಪಟ್ಟಿ ಕೊಟ್ಟು ಬಾಯಿಪಾಠ ಮಾಡಿ ಎನ್ನುತ್ತಿದ್ದೆ. ನಾನು ಹಾಗೆ ಕಲಿತಿದ್ದೆ, ಅವರೂ ಕಲಿಯಲಿ ಎಂಬ ಜಂಭ. ಇಬ್ಬರು ಒಂದೇ ವಾರಕ್ಕೆ ಬಿಟ್ಟುಹೋದರು. ಈಗಿನವರಿಗೆ ಬಗ್ಗಿ ದುಡಿಯುವುದು ಬೇಡ ಎಂದು ಅವರನ್ನೇ ಬೈದೆ.

ಮೂರನೆಯವಳು ಚಂದ್ರಿಕಾ. ಭಾರತೀನಗರದ ಕಾಲೇಜಿನಲ್ಲಿ ಬಿ.ಎ. ಮುಗಿಸಿ ಬಂದವಳು. ಅಷ್ಟರಲ್ಲಿ ತಪ್ಪು ಹಿಡಿಯುವ ಯಂತ್ರ ಬಂದಿತ್ತು. ಅದು ಎಂಥ ಯಂತ್ರವೆಂದರೆ, ಒಂದು ಕಡೆ ಟ್ಯಾಗು ಮುಚ್ಚದಿದ್ದರೆ ಅಲ್ಲಿಂದ ಕೆಳಗಿರುವುದೆಲ್ಲ ತಪ್ಪು ಎಂದು ಪರದೆ ತುಂಬ ಕೆಂಪು ಸಾಲು ಎಳೆಯುತ್ತದೆ. ಪಳಗಿದವರಿಗೆ ಗೊತ್ತು, ಮೊದಲ ಸಾಲು ಸರಿ ಮಾಡಿದರೆ ಉಳಿದವು ತಾವೇ ಹೋಗುತ್ತವೆ ಎಂದು. ಹೊಸಬರಿಗೆ ಏನು ಗೊತ್ತು? ಚಂದ್ರಿಕಾ ಪರದೆ ನೋಡಿ ನಡುಗಿಹೋದಳು. ಕಂಪ್ಯೂಟರನ್ನೇ ಕೆಡಿಸಿಬಿಟ್ಟೆ ಎಂದುಕೊಂಡು ಅಳತೊಡಗಿದಳು. ನಾನು ಇನ್ನಷ್ಟು ಗದರಿದೆ.

ಷಹತಾಜ್ ಎದ್ದು ಬಂದು ನನ್ನನ್ನು ತಡೆದಳು. "ಸಾಕು ಬುಡಿ ಜಯಕ್ಕ. ಇಡೀ ಅಧ್ಯಾಯನೇ ಅಡಿಟಿಪ್ಪಣಿ ಮಾಡ್ದೋರು ನೀವು. ಮರ್ತೋಯ್ತಾ?"

ಅವಳು ಚಂದ್ರಿಕಾಳ ಪಕ್ಕ ಕುರ್ಚಿ ಎಳೆದುಕೊಂಡು, ನಾಲ್ಕೇ ನಾಲ್ಕು ಟ್ಯಾಗು ಬರೆದುಕೊಟ್ಟು, ಇವತ್ತಿಗೆ ಇಷ್ಟು ಸಾಕು ಎಂದಳು.

ಆಮೇಲೆ ಪ್ರಭಾಕರ ಬಂದ, ಮ್ಯಾನೇಜರಾಗಿ, ಬೆಂಗಳೂರಿನಿಂದ. ಬಂದರು ಎಂದು ಬರೆಯಬೇಕು, ಗೊತ್ತು. ಕೈ ಬರುತ್ತಿಲ್ಲ. ಜೊತೆಗೆ ಹೊಸ ತಂತ್ರಾಂಶವೂ ಬಂತು. ಅದರಲ್ಲಿ ಟ್ಯಾಗು ಕಾಣುವುದೇ ಇಲ್ಲ. ಅಚ್ಚಾದ ಪುಸ್ತಕದ ಪುಟದ ಹಾಗೆ ಪರದೆ. ಮಾತಿನ ಮೇಲೆ ಮೌಸ್ ಎಳೆದು, ಮೇಲಿನ ಪಟ್ಟಿಯಲ್ಲಿ ಗುಂಡಿ ಒತ್ತಿದರೆ ಟ್ಯಾಗು ಒಳಗೊಳಗೇ ಬೀಳುತ್ತದೆ. ಯಾವ ಜಾಗದಲ್ಲಿ ಯಾವ ಟ್ಯಾಗು ಸಲ್ಲುತ್ತದೋ ಅದನ್ನಷ್ಟೇ ತೋರಿಸುತ್ತದೆ.

ಸುಳ್ಳು ಹೇಳಬಾರದು. ಹೊಸಬರಿಗೆ ಅದು ವರವಾಯಿತು. ಚಂದ್ರಿಕಾ ಎರಡೇ ವಾರಕ್ಕೆ ಒಂದು ಪಠ್ಯಪುಸ್ತಕ ಮುಗಿಸಿದಳು. ಅಳುತ್ತಿದ್ದ ಹುಡುಗಿ ಹಾಡು ಗುನುಗುತ್ತ ಕೆಲಸ ಮಾಡತೊಡಗಿದಳು. ನನ್ನ ಬಾಯಿಪಾಠದ ಪಟ್ಟಿಗೆ ಹೆದರಿ ಓಡಿಹೋದ ಆ ಇಬ್ಬರು ನೆನಪಾದರು. ಈ ಪರದೆ ಇದ್ದಿದ್ದರೆ ಅವರೂ ಉಳಿಯುತ್ತಿದ್ದರು.

ಷಹತಾಜಳ ಪಾಡು ಬೇರೆ. ಅವಳ ಕೈ ತಾನಾಗಿ ಟ್ಯಾಗು ಹೊಡೆಯಲು ಹೋಗುತ್ತಿತ್ತು. ಮೊದಲ ಅಕ್ಷರ ಬಿದ್ದ ಕೂಡಲೇ ಪರದೆ ಒಂದು ಪಟ್ಟಿ ಬಿಚ್ಚಿ, ಯಾವುದು ಬೇಕು ಎಂದು ಕೇಳುತ್ತಿತ್ತು. ಆರಿಸಿದರೆ ತಾನೇ ತೆರೆದು ತಾನೇ ಮುಚ್ಚುತ್ತಿತ್ತು. ಅಷ್ಟರಲ್ಲಿ ಅವಳ ಬೆರಳು ಇನ್ನೊಂದು ಸಲ ಮುಚ್ಚಿರುತ್ತಿತ್ತು. ಅದು ಕಸವಾಗಿ ಮಾತಿನ ನಡುವೆ ಕೂರುತ್ತಿತ್ತು. ಒಂದು ಉಸಿರಿನಲ್ಲಿ ಹೊಡೆಯುತ್ತಿದ್ದ ಟ್ಯಾಗಿಗೆ ಈಗ ಮೌಸ್ ಹಿಡಿದು ಪಟ್ಟಿಯೊಳಗಿನ ಪಟ್ಟಿಯೊಳಗೆ ಹುಡುಕಬೇಕು. ಮಧ್ಯಾಹ್ನದ ಹೊತ್ತಿಗೆ ಮಣಿಕಟ್ಟು ಹಿಡಿದುಕೊಂಡು ಕೂರುತ್ತಿದ್ದಳು.

ಪ್ರಭಾಕರ ಗೋಡೆಯ ಮೇಲೆ ಹೆಸರುಗಳ ಪಟ್ಟಿ ಅಂಟಿಸಿದ. ಬೇಗ ಮಾಡುವವರಿಗೆ ಹಸಿರು, ನಿಧಾನದವರಿಗೆ ಕೆಂಪು. ಚಂದ್ರಿಕಾ ಹಸಿರು, ಷಹತಾಜ್ ಕೆಂಪು. ಇಡೀ ಕಚೇರಿಗೆ ಕೆಲಸ ಕಲಿಸಿದವಳ ಹೆಸರು ಕೆಂಪು.

ಆ ತಂತ್ರಾಂಶದಲ್ಲಿ ಟ್ಯಾಗು ತೋರಿಸುವ ಗುಂಡಿ ಇತ್ತು. ಒತ್ತಿದರೆ ಹಳೆಯ ಪರದೆಯ ಹಾಗೆಯೇ ಎಲ್ಲ ಕಾಣುತ್ತಿತ್ತು. ಮಾಡಿದವರಿಗೆ ಅಷ್ಟು ಬುದ್ಧಿ ಇತ್ತು. ಪ್ರಭಾಕರ ಅದಕ್ಕೆ ಪಾಸ್‌ವರ್ಡು ಹಾಕಿ ಬೀಗ ಜಡಿಸಿದ್ದ. ಷಹತಾಜ್ ಹೋಗಿ ಕೇಳಿದಳು. ನಾನೂ ಜೊತೆಗಿದ್ದೆ.

"ಸಾರ್, ನನ್ ಒಬ್ಬಳ ಮಿಷಿನ್‌ಗಾದ್ರೂ ಟ್ಯಾಗು ಕಾಣಂಗೆ ಮಾಡ್ಕೊಡಿ. ಹೊಸಬ್ರು ಗುಂಡೀಲೇ ಮಾಡ್ಲಿ, ನಾನ್ ಬ್ಯಾಡ ಅನ್ನಲ್ಲ."

"ಎಲ್ಲರಿಗೂ ಒಂದೇ ಪರದೆ, ಒಂದೇ ರೂಲು. ಒಬ್ಬರಿಗೆ ಕೊಟ್ಟರೆ ಎಲ್ಲರೂ ಕೇಳ್ತಾರೆ," ಎಂದ. ಆಮೇಲೆ ನನ್ನ ಕಡೆ ತಿರುಗಿ ನಕ್ಕ. "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ, ಅಲ್ವಾ ಮೇಡಂ?"

ಅವಳು ಕುಣಿದದ್ದನ್ನು ನಾನು ಕಂಡಿದ್ದೆ. ಆದರೂ ಏನೂ ಅನ್ನಲಿಲ್ಲ. ನಿವೃತ್ತಿಗೆ ಒಂದೇ ವರ್ಷವಿತ್ತು. ಜೋಡಿ ಓದನ್ನೂ ಅವನು ಆ ತಿಂಗಳೇ ನಿಲ್ಲಿಸಿದ. ಕಾಣದ ಟ್ಯಾಗನ್ನು ಓದುವುದಾದರೂ ಹೇಗೆ? "ಇದೇನು ಬಾಲವಾಡಿನಾ, ಗಟ್ಟಿಯಾಗಿ ಓದೋಕೆ?" ಎಂದ. ಅದಕ್ಕೂ ಏನೂ ಅನ್ನಲಿಲ್ಲ.

ಅದೇ ಕಾಲಕ್ಕೆ ಒಂದು ಕೈಪಿಡಿ ಬಂತು. ಹಳ್ಳಿಗಳಲ್ಲಿ ಮನೆ ಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತೆಯರಿಗಾಗಿ ಮಾಡಿದ ಪುಸ್ತಕ. ಕೂಸುಗಳಿಗೆ ಯಾವ ಔಷಧ ಎಷ್ಟು ಕೊಡಬೇಕು, ಯಾವುದನ್ನು ಕೊಡಲೇಬಾರದು ಎಂದು ಅದರಲ್ಲಿತ್ತು. ಕಾಗದದ ಮೇಲೂ ಅಚ್ಚಾಗಬೇಕು, ಫೋನಿನಲ್ಲೂ ಬರಬೇಕು. ಕೊಡಬಾರದ ಔಷಧದ ಮಾತಿಗೆಲ್ಲ ಎಚ್ಚರಿಕೆ ಎಂಬ ಟ್ಯಾಗು ಹಾಕಬೇಕಿತ್ತು. ಆ ಟ್ಯಾಗು ಇದ್ದರೆ ಫೋನಿನಲ್ಲಿ ಆ ಮಾತು ಎಲ್ಲಕ್ಕಿಂತ ಮೊದಲು ಬರುತ್ತದೆ. ಬರೀ ಅಲಂಕಾರಕ್ಕೆ ಹಾಕಿದ ಚೌಕಗಳನ್ನು, ಜಾಗ ಸಾಲದೆಂದು, ಫೋನು ಒಳಗಿನ ಮಾತಿನ ಸಮೇತ ಬಿಟ್ಟುಬಿಡುತ್ತದೆ.

ಹೊಸ ಪರದೆಯಲ್ಲಿ ಎಚ್ಚರಿಕೆಯ ಗುಂಡಿ ಮೂರು ಪಟ್ಟಿಗಳ ಒಳಗೆ ಅಡಗಿತ್ತು. ಚೌಕದ ಗುಂಡಿ ಮೇಲೆಯೇ ಇತ್ತು. ಯಾವುದನ್ನು ಒತ್ತಿದರೂ ಪರದೆಯ ಮೇಲೆ ಅದೇ ಕೆಂಪು ಗೆರೆ, ಅದೇ ಚೌಕ. ಆ ಕೈಪಿಡಿ ಚಂದ್ರಿಕಾಳ ಪಾಲಿಗೆ ಬಂದಿತ್ತು. ಅವಳು ಮೂಲ ಪ್ರತಿ ನೋಡಿದಳು, ಕೆಂಪು ಚೌಕ ಇತ್ತು. ಕೆಂಪು ಚೌಕ ಹಾಕಿದಳು. ಕಣ್ಣಿಗೆ ಕಂಡ ಹಾಗೆ ಮಾಡಿದರೆ ಸರಿ ಎಂದು ಆ ಪರದೆಯೇ ಅವಳಿಗೆ ಕಲಿಸಿತ್ತು. ತಪ್ಪು ಹಿಡಿಯುವ ಯಂತ್ರವೂ ಏನೂ ತಪ್ಪು ತೋರಿಸಲಿಲ್ಲ, ಏಕೆಂದರೆ ಚೌಕವೂ ಸಲ್ಲುವ ಟ್ಯಾಗೇ.

ಪರಿಶೀಲನೆಗೆ ಆ ಕಡತ ಷಹತಾಜಳಿಗೆ ಬಂತು. ಅವಳು ಬಾಣದ ಕೀಲಿ ಒತ್ತುತ್ತ ಅಕ್ಷರ ಅಕ್ಷರ ದಾಟಿ ಹೋಗುತ್ತಿದ್ದವಳು ಒಂದು ಕಡೆ ನಿಂತಳು. ಕಾಣದ ಟ್ಯಾಗನ್ನು ದಾಟುವಾಗ ಕರ್ಸರು ಒಂದು ಸಲ ತಡೆಯುತ್ತದೆ, ಕೀಲಿಯನ್ನು ಇನ್ನೊಮ್ಮೆ ಒತ್ತಬೇಕು. ಎಚ್ಚರಿಕೆಯ ಟ್ಯಾಗಿನೊಳಗೆ ಇನ್ನೊಂದು ಟ್ಯಾಗು ಇರುವುದರಿಂದ ಅಲ್ಲಿ ಎರಡು ಸಲ ತಡೆಯಬೇಕು.

"ಜಯಕ್ಕ, ಎರಡ್ ಸಲ ನಿಲ್ಬೇಕು. ಒಂದೇ ಸಲ ನಿಂತು ಓಡ್ತಾ ಐತೆ. ಇದು ಎಚ್ಚರಿಕೆ ಅಲ್ಲ ಕಣಕ್ಕ," ಎಂದಳು.

ಪ್ರಭಾಕರನಿಗೆ ಹೇಳಿದಳು. ಅವನು ಪರದೆಯತ್ತ ಬಗ್ಗಿ ನೋಡಿ, "ಕೆಂಪು ಚೌಕ ಕಾಣ್ತಿದೆಯಲ್ಲ, ಇನ್ನೇನು ಬೇಕು? ಸಂಜೆಗೆ ಹೋಗಬೇಕು ಕಡತ," ಎಂದು ಹೊರಟುಹೋದ.

ಊಟದ ಬಿಡುವಿನಲ್ಲಿ ಅವಳು ಡಬ್ಬಿ ತೆಗೆಯಲೇ ಇಲ್ಲ. ಕಡತವನ್ನು ಎಲ್ಲ ಕಂಪ್ಯೂಟರಿನಲ್ಲೂ ಇರುವ ನೋಟ್‌ಪ್ಯಾಡಿನಲ್ಲಿ ತೆರೆದಳು. ಕಚೇರಿಯ ತಂತ್ರಾಂಶ ಬಿಟ್ಟು ಬೇರೆಯದರಲ್ಲಿ ಕಡತ ತೆರೆಯಬಾರದೆಂದು ಆಜ್ಞೆ ಇತ್ತು. ತೆರೆದಳು. ನನ್ನನ್ನು ಕರೆದಳು. ನಾನು ಮೂಲ ಪ್ರತಿಯ ಮೇಲೆ ಬೆರಳಿಟ್ಟೆ. ಎಷ್ಟೋ ದಿನದ ಮೇಲೆ ಜೋಡಿ ಓದು.

"ಚೌಕ ತೆರೀತು. ಆರು ತಿಂಗಳೊಳಗಿನ ಮಗುವಿಗೆ ಈ ಔಷಧ ಕೊಡಬಾರದು. ಚೌಕ ಮುಚ್ತು."

ನನ್ನ ಬೆರಳು ಅಲ್ಲೇ ನಿಂತಿತು. ಮುಂದೆಯೂ ಅದೇ, ಅದರ ಮುಂದೆಯೂ ಅದೇ. ಒಂದೇ ಒಂದು ಎಚ್ಚರಿಕೆ ಟ್ಯಾಗು ಇಡೀ ಪುಸ್ತಕದಲ್ಲಿರಲಿಲ್ಲ. ಹಾಗೇ ಹೋಗಿದ್ದರೆ ಫೋನಿನಲ್ಲಿ ಔಷಧದ ಹೆಸರು ಉಳಿಯುತ್ತಿತ್ತು, ಕೊಡಬಾರದು ಎಂಬ ಮಾತು ಇರುತ್ತಿರಲಿಲ್ಲ. ಯಾವುದೋ ಹಳ್ಳಿಯ ಜಗಲಿಯಲ್ಲಿ ಕೂತು ಫೋನು ನೋಡಿ ಕೂಸಿನ ಬಾಯಿಗೆ ಔಷಧ ಹನಿಸುವ ಹೆಂಗಸು ನನ್ನ ಕಣ್ಣ ಮುಂದೆ ಬಂದಳು.

ಬಿಡುವು ಮುಗಿಯುವುದರೊಳಗೆ ಷಹತಾಜ್ ಎಲ್ಲವನ್ನೂ ತಿದ್ದಿದಳು. ಕೆಂಪು ಪಟ್ಟಿಯವಳ ಬೆರಳು ಆವತ್ತು ಓಡಿದ್ದನ್ನು ಪ್ರಭಾಕರ ನೋಡಬೇಕಿತ್ತು. ಚಂದ್ರಿಕಾ ಹಿಂದೆ ನಿಂತು ಬಿಕ್ಕುತ್ತಿದ್ದಳು.

"ಅಳಬ್ಯಾಡ ಕಣಮ್ಮಿ," ಎಂದಳು ಷಹತಾಜ್, ಪರದೆಯಿಂದ ಕಣ್ಣು ತೆಗೆಯದೆ. "ನಿಂಗೆ ಯಾರೂ ತೋರ್ಸೇ ಇಲ್ಲ. ನೀನ್ಯಾಕೆ ಅಳ್ತೀಯ?"

ಕಡತ ಸಂಜೆಗೆ ಸರಿಯಾಗಿ ಹೋಯಿತು. ಮಾರನೆಯ ದಿನ ಪ್ರಭಾಕರ ನನ್ನನ್ನು ಕರೆಸಿದ. ಕಡತವನ್ನು ಹೊರಗೆ ತೆರೆದು ತಿದ್ದಲಾಗಿದೆ ಎಂದು ತಂತ್ರಾಂಶ ತಾನೇ ದಾಖಲು ಮಾಡಿಕೊಂಡಿತ್ತು. ಯಾಕೆ ತಿದ್ದಿದರು ಎಂದು ದಾಖಲು ಮಾಡುವಷ್ಟು ಬುದ್ಧಿ ಅದಕ್ಕಿರಲಿಲ್ಲ. ಅದು ನನ್ನ ಕೆಲಸವಾಗಿತ್ತು. ನಾನು ಬಾಯಲ್ಲಿ ಎಲ್ಲ ಹೇಳಿದೆ. ಅವನು ಕೇಳಿಸಿಕೊಂಡು, "ಕಾರಣ ಎಲ್ಲ ಬೇಡ ಮೇಡಂ. ಏನಾಯ್ತು ಅಷ್ಟನ್ನೇ ಬರೆದುಕೊಡಿ. ಕಾರಣ ಬರೆದರೆ ಆ ಹೊಸ ಹುಡುಗಿ ಹೆಸರೂ ಬರುತ್ತೆ," ಎಂದ.

ಚಂದ್ರಿಕಾ ಹೊಸಬಳು, ಅವಳ ಕೆಲಸ ಹೋಗುತ್ತದೆ. ಷಹತಾಜ್ ಹಳಬಳು, ಒಂದು ಎಚ್ಚರಿಕೆ ಪತ್ರ ಕೊಟ್ಟು ಬಿಡುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜವೇನೆಂದರೆ ನನ್ನ ಕೊನೆಯ ತಿಂಗಳುಗಳು ಗಲಾಟೆಯಿಲ್ಲದೆ ಕಳೆಯಬೇಕಿತ್ತು. 'ಷಹತಾಜ್ ಅವರು ನಿಯಮ ಮೀರಿ ಕಡತವನ್ನು ಹೊರಗಿನ ತಂತ್ರಾಂಶದಲ್ಲಿ ತೆರೆದು ತಿದ್ದಿರುತ್ತಾರೆ' ಎಂದು ಬರೆದು ಸಹಿ ಹಾಕಿದೆ. ವಾರದೊಳಗೆ ಅವಳನ್ನು ಕೆಲಸದಿಂದ ತೆಗೆದರು. ನನ್ನ ವರದಿ, ಗೋಡೆಯ ಕೆಂಪು ಪಟ್ಟಿ, ಎರಡನ್ನೂ ಅವಳ ಮುಂದಿಟ್ಟರು.

ಹೋಗುವಾಗ ನನ್ನ ಮೇಜಿನ ಹತ್ತಿರ ಬಂದಳು. ಕೂಗಾಡಲಿ ಎಂದು ಕಾದೆ.

"ಸುಳ್ಳೇನೂ ಬರ್ದಿಲ್ಲ ಬುಡಿ ಜಯಕ್ಕ," ಎಂದು ಹೇಳಿ ಬಸ್ಸಿಗೆ ಹೋದಳು.

ಆ ಮಾತು ಕೇಳಿದ ಮೇಲೂ ಎಂಟು ತಿಂಗಳು ಕೆಲಸ ಮಾಡಿ, ಶಾಲು ಹೊದಿಸಿಕೊಂಡು ಮನೆಗೆ ಬಂದೆ.

ಕಳೆದ ತಿಂಗಳು ಚಂದ್ರಿಕಾ ಮನೆಗೆ ಬಂದಿದ್ದಳು. ಈಗ ಅವಳೇ ಮೇಲ್ವಿಚಾರಕಿ. ಟ್ಯಾಗು ತೋರಿಸುವ ಗುಂಡಿಯ ಬೀಗ ತೆಗೆದಿದ್ದಾರಂತೆ. ಹೊಸಬರು ಗುಂಡಿಯಿಂದ ಶುರು ಮಾಡುತ್ತಾರೆ. ಮೂರು ತಿಂಗಳಾದ ಮೇಲೆ ಟ್ಯಾಗು ನೋಡಿ ಓದಲು ಕಲಿಯುತ್ತಾರೆ. ಕೈ ಪಳಗಿದವರು ಹಳೆಯ ಪರದೆಯಲ್ಲೇ ಟೈಪು ಮಾಡಬಹುದು. ಷಹತಾಜ್ ಆವತ್ತು ನಿಂತುಕೊಂಡು ಕೇಳಿದ್ದು ಇದನ್ನೇ. ಪ್ರಭಾಕರ ಇದನ್ನು ಸಭೆಯಲ್ಲಿ ತನ್ನ ಹೊಸ ಯೋಜನೆ ಎಂದು ಹೇಳಿ ಚಪ್ಪಾಳೆ ತಟ್ಟಿಸಿಕೊಂಡನಂತೆ.

"ಅವಳನ್ನ ವಾಪಸ್ ಕರೀತಾರಾ?" ಎಂದೆ.

ಚಂದ್ರಿಕಾ ಕಾಫಿ ಲೋಟ ಕೆಳಗಿಟ್ಟಳು. "ನಾನ್ ಎರಡ್ ಸಲ ಕೇಳ್ದೆ ಜಯಕ್ಕ. ಕೇಳ್ದಾಗೆಲ್ಲ ಒಂದ್ ಹಾಳೆ ತೆಗ್ದು ತೋರಿಸ್ತಾರೆ. ನೀವ್ ಬರ್ದಿದ್ದು."

ಅವಳ ಮುಂದೆಯೇ ಕೂತು ಹೊಸ ವರದಿ ಬರೆದೆ. ಬೀಗ, ಚೌಕ, ಎಚ್ಚರಿಕೆ, ಊಟದ ಬಿಡುವು, ನನ್ನ ಹೆದರಿಕೆ, ಯಾವುದನ್ನೂ ಬಿಡಲಿಲ್ಲ. ಚಂದ್ರಿಕಾ ಕೆಳಗೆ 'ಚೌಕ ಹಾಕಿದವಳು ನಾನೇ' ಎಂದು ತನ್ನ ಕೈಯಲ್ಲೇ ಬರೆದು ಸಹಿ ಮಾಡಿದಳು. ನನಗೆ ಇಷ್ಟು ವಯಸ್ಸಾದ ಮೇಲೆ ಬಂದ ಧೈರ್ಯ ಆ ಹುಡುಗಿಗೆ ಆಗಲೇ ಇದೆ.

ಹಾಳೆ ತೆಗೆದುಕೊಂಡು ಮೊದಲು ಮಳವಳ್ಳಿಗೆ ಹೋದೆ. ಷಹತಾಜ್ ಈಗ ಅಣ್ಣನ ಗ್ಯಾರೇಜಿನ ಪಕ್ಕದ ಅಂಗಡಿಯಲ್ಲಿ ಮದುವೆ ಪತ್ರಿಕೆ, ಬ್ಯಾನರು ಮಾಡಿಕೊಡುತ್ತಾಳೆ. ನನ್ನನ್ನು ಕಂಡು ಕುರ್ಚಿ ಒರೆಸಿ ಕೊಟ್ಟಳು. ಹಾಳೆ ಕೈಗೆ ತೆಗೆದುಕೊಂಡು ಗಟ್ಟಿಯಾಗಿ ಓದಿದಳು, ಮೊದಲಿನ ಹಾಗೆಯೇ. "ವರದಿ ತೆರೀತು" ಎಂದು ಶುರು ಮಾಡಿದಳು. ನಡುವೆ ಎಲ್ಲೂ ನಿಲ್ಲಿಸಲಿಲ್ಲ. ಕೊನೆಯ ಸಾಲು ಮುಗಿಯಿತು. ನಾನು ಕಾದೆ. ಅವಳು ಹಾಳೆ ಮಡಿಸಿ ನನ್ನ ಕೈಗಿಟ್ಟಳು.

"ಮುಚ್ತು ಅನ್ನಲ್ವೇನೆ?" ಎಂದೆ.

"ಮೊದ್ಲು ಓಗಿ ಕೊಟ್ಬುಟ್ಟು ಬನ್ನಿ. ಅವ್ರೂ ಓದ್ಲಿ. ಆಮ್ಯಾಕೆ ಮುಚ್ಚಾನ."

ಮಂಡ್ಯಕ್ಕೆ ಹೋಗಿ ಕೊಟ್ಟೆ. ಪ್ರಭಾಕರ ಪೂರ್ತಿ ಓದಿದ. ಚಂದ್ರಿಕಾಳನ್ನು ಕರೆಸಿ ಕೇಳಿದ. "ತಪ್ಪು ನಂದೇ ಸಾರ್, ಸರಿ ಮಾಡಿದ್ದು ಅವ್ರು," ಎಂದಳು ಅವಳು, ತಲೆ ತಗ್ಗಿಸದೆ. ಅವನು ಹಾಳೆಯನ್ನು ನನ್ನ ಕಡೆ ತಳ್ಳಿದ.

"ನಿವೃತ್ತಿ ಆದವರ ಹೇಳಿಕೆ ಕಡತಕ್ಕೆ ಸೇರಿಸೋಕೆ ಅವಕಾಶ ಇಲ್ಲ ಮೇಡಂ. ಅಷ್ಟಕ್ಕೂ ನಿಮ್ಮ ಹಳೇ ವರದಿಯಲ್ಲಿ ಸುಳ್ಳೇನಿದೆ?"

ಕಡತಕ್ಕೆ ಸೇರದ ಆ ಹಾಳೆಯನ್ನೇ ಇಲ್ಲಿ ಬಿಡಿಸಿ ಬರೆದಿದ್ದೇನೆ. ಕೆಲಸಕ್ಕೆ ಸೇರುವ ಹುಡುಗಿಯರೇ, ಗುಂಡಿ ಒತ್ತಿ ಕಲಿಯಿರಿ, ಅದರಲ್ಲಿ ನಾಚಿಕೆಯಿಲ್ಲ. ಸ್ವಲ್ಪ ಪಳಗಿದ ಮೇಲೆ ಟ್ಯಾಗು ತೋರಿಸಿ ಎಂದು ಕೇಳಿ. ಬೇಡ ಎಂದರೆ ಯಾಕೆ ಬೇಡ ಎಂದು ಕೇಳಿ. ನಿಮ್ಮ ಕೈಯಲ್ಲಿ ವರದಿ ಬರೆಸಿದರೆ ಕಾರಣವನ್ನೂ ಬರೆಯಿರಿ.

ಪ್ರಭಾಕರ ಹೇಳಿದ್ದನ್ನು ಷಹತಾಜಳಿಗೆ ಫೋನು ಮಾಡಿ ತಿಳಿಸಿದೆ. ಆ ಕಡೆ ಗ್ಯಾರೇಜಿನಲ್ಲಿ ಯಾವುದೋ ಇಂಜಿನ್ನು ಗುಡುಗುಡು ಅನ್ನುತ್ತಿತ್ತು.

"ಅಂಗಾರೆ ಇನ್ನೂ ಮುಚ್ಬ್ಯಾಡಿ ಜಯಕ್ಕ," ಎಂದಳು.